ನೂರಾ ಹದಿನೇಳನೆಯ ಸಾಲು

ನಾಲ್ಕನೆಯ ಲೋಟವನ್ನೂ ಬೋರಲು ಹಾಕಿ ರೇಖಾ ಕೈ ಒರೆಸಿಕೊಂಡಳು. ಲೋಟ ತೊಳೆಯುವುದು ಅವಳ ಕೆಲಸವಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಎರಡು ವರ್ಷವಾಗಿತ್ತು.

"ಎಲ್ಲಾನೂ ಒಂಬತ್ತು ದಿನ ಮುಂದಕ್ಕ ಹಾಕ್ರಿ," ಎಂದ ಮ್ಯಾನೇಜರ್ ಪ್ರವೀಣಕುಮಾರ್, ಫೋನಿನಿಂದ ತಲೆ ಎತ್ತದೆ. "ಫಿಲ್ಟರ್ ಲೋಡು ದಾರ್ಯಾಗ ನಿಂತೈತಿ."

"ಎಲ್ಲಾನೂ ಅಂದ್ರರಿ?"

"ಎಲ್ಲಾ ಅಂದ್ರ ಎಲ್ಲಾ."

ಹಗರಿಬೊಮ್ಮನಹಳ್ಳಿಯ ಆ ಎರಡು ಕೋಣೆಯ ಆಫೀಸು ಐದು ತಾಲ್ಲೂಕುಗಳ ನೂರಾ ಎಂಬತ್ತು ಕುಡಿಯುವ ನೀರಿನ ಘಟಕಗಳನ್ನು ನೋಡಿಕೊಳ್ಳುತ್ತಿತ್ತು. ಯಾವ ಊರಿನಲ್ಲಿ ಯಾವತ್ತು ಫಿಲ್ಟರ್ ಬದಲಿಸಬೇಕು ಎನ್ನುವುದೆಲ್ಲ ಕಂಪನಿಯ ಸಾಫ್ಟ್‌ವೇರಿನ ಕ್ಯಾಲೆಂಡರಿನಲ್ಲಿತ್ತು. ಒಂದೊಂದೇ ತಾರೀಖು ತಿದ್ದುತ್ತ ಕೂತರೆ ಎರಡು ದಿನದ ಕೆಲಸ. ಬಿಸಿಎ ಓದಿದ್ದ ರೇಖಾಳಿಗೆ ಬೇರೆ ದಾರಿ ಗೊತ್ತಿತ್ತು. ಆ ಸಾಫ್ಟ್‌ವೇರಿಗೆ ಎಪಿಐ ಎಂಬ ಹಿಂಬಾಗಿಲಿತ್ತು. ಸಾಲುಗಳನ್ನು ಪಟ್ಟಿ ಮಾಡಿ, ನೂರು ನೂರರಂತೆ ಅಲ್ಲಿಂದ ಕಳಿಸಿದರೆ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತಿತ್ತು. ಮರುಮಾತಿಲ್ಲದ್ದು ಏನೇ ಇರಲಿ, ಅವಳಿಗೆ ಸಮಾಧಾನ.

ಮೊದಲ ನೂರು ಹೋಯಿತು. ಹಂಪಸಾಗರ, ಬದಲಾಗಿದೆ. ಕೋಗಳಿ, ಬದಲಾಗಿದೆ. ನೀಲಗುಂದ, ಬದಲಾಗಿದೆ. ಪರದೆಯ ತುಂಬ ಊರುಗಳು ಸದ್ದಿಲ್ಲದೆ ಸರಿದವು.

ಎರಡನೆಯ ಪಟ್ಟಿಯ ಮೇಲೆ ಕಣ್ಣಾಡಿಸುವಾಗ ನೂರಾ ಹದಿನೇಳನೆಯ ಸಾಲು ಸಿಕ್ಕಿತು: ರೇಖಾ, ಫಿಲ್ಟರ್ ಬದಲಾವಣೆ, ಐದನೇ ತಾರೀಖು, ಶನಿವಾರ.

ಆ ಕ್ಯಾಲೆಂಡರಿನಲ್ಲಿ ರಜೆಗೆ ಜಾಗವಿರಲಿಲ್ಲ. ರಜೆ ಬೇಕಾದವರು ಊರಿನ ಹೆಸರಿರುವಲ್ಲಿ ತಮ್ಮ ಹೆಸರು ಹಾಕುವುದು ಈ ಆಫೀಸಿನ ಪದ್ಧತಿ. ಕೆಲಸ ಮಾತ್ರ ಫಿಲ್ಟರ್ ಬದಲಾವಣೆ ಎಂದೇ ಇರಬೇಕು; ಬೇರೆ ಏನು ಬರೆದರೂ ಅದು ತೆಗೆದುಕೊಳ್ಳದು. "ಅಕ್ಕಾರ, ಈ ತಿಂಗಳ ನಿಮ್ಮ ಫಿಲ್ಟರ್ ಯಾವತ್ತ್ರಿ?" ಎಂದು ಮೆಕ್ಯಾನಿಕ್ ಯೂನುಸ ತಿಂಗಳು ತಿಂಗಳೂ ಕೇಳುತ್ತಿದ್ದ.

ಪ್ರತಿ ತಿಂಗಳ ಮೊದಲ ಶನಿವಾರ. ಹನ್ನೊಂದರಿಂದ ಒಂದು ಗಂಟೆ. ಹರಪನಹಳ್ಳಿ ಕೋರ್ಟಿನ ಒಂದು ಕೋಣೆಯಲ್ಲಿ ಅವಳು ತನ್ನ ಏಳು ವರ್ಷದ ಮಗಳು ಸಿಂಚನಾಳನ್ನು ನೋಡಬಹುದಿತ್ತು. ಗಂಡನ ಮನೆ ಬಿಟ್ಟು ಬರುವಾಗ ಮಗುವನ್ನು ಅತ್ತೆ ನಾಗಲಿಂಗಮ್ಮನ ಹತ್ತಿರ ಬಿಟ್ಟು ಬಂದಿದ್ದಳು, ನಾಲ್ಕು ದಿನದ ಮಟ್ಟಿಗೆ ಎಂದುಕೊಂಡು. ಕಳೆದ ತಿಂಗಳು ತನಗೆ ಜ್ವರವೆಂದು ಹೋಗಿರಲಿಲ್ಲ. ಜ್ವರ ಅಷ್ಟೇನೂ ಇರಲಿಲ್ಲ. "ಇನ್ನೊಂದು ಸಲ ತಪ್ಪಿದ್ರ ಅವ್ರು ಅರ್ಜಿ ಹಾಕ್ತಾರಮ್ಮ, ಈ ಎರಡು ತಾಸೂ ಹೋಗ್ತಾವು," ಎಂದಿದ್ದರು ವಕೀಲರು.

ಸಾಲನ್ನು ಪಟ್ಟಿಯಿಂದ ತೆಗೆಯಲು ಒಂದೇ ಗುಂಡಿ ಒತ್ತಿದರೆ ಸಾಕಿತ್ತು.

ಜ್ವರದ ತಿಂಗಳಿಗೂ ಹಿಂದಿನ ಸಲ ಸಿಂಚನಾ ಎರಡು ತಾಸು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ರೇಖಾ ಒಯ್ದಿದ್ದ ಫ್ರಾಕನ್ನು ಮಡಿಕೆ ಕೆಡಿಸದೆ ತೊಡೆಯ ಮೇಲಿಟ್ಟುಕೊಂಡು, "ಇನ್ನಾ ಎಷ್ಟೊತ್ತು ಐತಿ?" ಎಂದಿದ್ದಳು. ಹಟವಿರಲಿಲ್ಲ, ಸಿಟ್ಟಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕೇಳುವ ಹಾಗೆ ಕೇಳಿದ್ದಳು.

ಎಲ್ಲಾ ಅಂದರೆ ಎಲ್ಲಾ ಎಂದಿದ್ದಾರೆ, ಎಂದುಕೊಂಡಳು ರೇಖಾ. ಆಮೇಲೆ ಕೈಯಿಂದ ತಿದ್ದಿದರಾಯಿತು. ಕಳಿಸಿದಳು.

ರೇಖಾ, ಬದಲಾಗಿದೆ.

ಎದೆಯಲ್ಲಿ ಏನೋ ಸಡಿಲವಾಯಿತು. ಅದು ಹೆದರಿಕೆಯಾಗಿದ್ದರೆ ಚೆನ್ನಾಗಿತ್ತು.

ಊಟದ ನಂತರ ಪ್ರವೀಣಕುಮಾರ್ ಪರದೆ ನೋಡಿ ಹಿಗ್ಗಿದ. ಈ ವಾರದ ಚೌಕಗಳೆಲ್ಲ ಬೆಳ್ಳಗೆ ಖಾಲಿಯಾಗಿದ್ದವು.

"ಹೆಡ್ ಆಫೀಸ್ನೋರು ನೋಡ್ಯಾರ. ಹೆಂಗೂ ಕೆಲಸ ಇಲ್ಲ ಅಂತ ಶನಿವಾರ ತಪಾಸಣಿಗೆ ಬರಾಕ ಹತ್ಯಾರ. ಎಲ್ಲಾರೂ ಇರಬೇಕು."

"ಸರ್, ಶನಿವಾರ ನನ್ನ ರಜಾ ಇತ್ತು."

"ಹದಿನಾಲ್ಕಕ್ಕ ತೋರಸಾಕ ಹತ್ತೈತಲ್ಲ, ಸೋಮವಾರ."

"ಅದು ಐದಕ್ಕಿತ್ತರಿ. ಪಟ್ಟಿ ಜೋಡಿ ಹೋತು."

"ಯಾರು ಕಳಿಸಿದ್ದು?"

"ನಾನರಿ."

"ನೋಡಿಲ್ಲೇನು?"

ರೇಖಾ ಮೇಜಿನ ಅಂಚು ನೋಡಿದಳು. "ನೋಡಿದ್ದೆ."

ಅವನಿಗೆ ನಗು ಬಂತು. "ಮತ್ತ? ಸೋಮವಾರ ಹೋಗ್ರಿ. ಕೆಲಸ ಯಾವತ್ತಾದ್ರೂ ಮಾಡಿಕೋಬಹುದು."

ಅದು ಯಾವತ್ತಾದರೂ ಮಾಡಿಕೊಳ್ಳುವ ಕೆಲಸವಲ್ಲ ಎನ್ನಬೇಕಿತ್ತು. ಎಂಥ ಕೆಲಸ ಎಂದು ಅವನು ಕೇಳಿದರೆ ಏನು ಹೇಳುವುದು ಎಂದು ಯೋಚಿಸುವಷ್ಟರಲ್ಲಿ ಅವನು ಎದ್ದು ಹೋಗಿದ್ದ.

"ಬರಂಗಿಲ್ಲ ಅಂದು ಬಿಡ್ರಿ ಅಕ್ಕಾರ," ಎಂದ ಯೂನುಸ, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬುತ್ತ. "ಕೆಲಸದಿಂದ ತಗೀತಾರೇನು? ಲೋಟ ಯಾರು ತೊಳೀತಾರ?"

"ಹ್ಞೂಂ."

"ನಾ ಹೇಳಲೇನು?"

"ಬ್ಯಾಡ."

"ಮತ್ತ ನೀವ ಹೇಳ್ರಿ."

ಅವಳು ಹೇಳಲಿಲ್ಲ. ಸಂಜೆ ಆಫೀಸಿನ ಮೆಟ್ಟಿಲ ಮೇಲೆ ನಿಂತು ನಾಗಲಿಂಗಮ್ಮನ ನಂಬರಿಗೆ ಫೋನು ಹಚ್ಚಿದಳು. ಕೇಳಬೇಕಾದದ್ದು ಇಷ್ಟೇ: ಈ ಸಲ ಶನಿವಾರದ ಬದಲು ಭಾನುವಾರ ನಾನೇ ಮನೆಗೆ ಬರಲೇ? ನಾಗಲಿಂಗಮ್ಮ ಒಪ್ಪಿ ವಕೀಲರಿಗೆ ಹೇಳಿದರೆ ಸಾಕು, ತಪ್ಪಿಸಿದಂತಾಗುವುದಿಲ್ಲ.

"ಯಾರು?" ಸಿಂಚನಾಳ ಧ್ವನಿ.

"ನಾನು. ಅಮ್ಮ."

"ಹ್ಞಾಂ."

"ಊಟ ಆತೇನವ್ವ?"

"ಇಷ್ಟೊತ್ತಿಗೆ ಯಾರು ಉಣ್ತಾರ?" ಸ್ವಲ್ಪ ತಡೆದು ಹುಡುಗಿ ಕೇಳಿತು, "ಶನಿವಾರ ಬರ್ತೀರೇನ್ರಿ? ಅಜ್ಜಿ ಕೇಳಾಕ ಹತ್ತಿದ್ಲು."

ಬರ್ತೀರೇನ್ರಿ. ರೇಖಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ನಾ ಬರಬೇಕೇನು?"

ಆ ಕಡೆ ಹುಡುಗಿ ಯೋಚಿಸಿತು. ನಿಜವಾಗಿಯೇ ಯೋಚಿಸುತ್ತಿತ್ತು. "ಗೊತ್ತಿಲ್ಲರಿ."

"ಅಜ್ಜಿ ಅದಾಳೇನು?"

"ಅದಾಳ. ರೊಟ್ಟಿ ಬಡಿಯಾಕ ಹತ್ಯಾಳ."

"ಅಜ್ಜಿಗೆ ಕೊಡು."

ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. "ಅಜ್ಜಿ, ಅವ್ರದು," ಎಂದಿತು ಹುಡುಗಿ ದೂರದಿಂದ. ಪುಟ್ಟ ಪಾದಗಳು ಓಡಿಹೋದವು, ಬಾಗಿಲು ಬಡಿಯಿತು. ಆಮೇಲೆ ಒಲೆಯ ಪಕ್ಕದಿಂದ ಬರುವ ಆ ಸದ್ದು, ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು. ವರ್ಷಗಟ್ಟಲೆ ಅವಳೂ ಅದೇ ಮರದ ಕೊಣಮಿಗೆಯಲ್ಲಿ ರೊಟ್ಟಿ ಬಡಿದಿದ್ದಳು.

ಸದ್ದು ಒಂದು ಉಸಿರಿನಷ್ಟು ಹೊತ್ತು ನಿಂತಿತು.

ಮತ್ತೆ ಶುರುವಾಯಿತು, ಅದೇ ಲಯದಲ್ಲಿ. ಒಂದು ರೊಟ್ಟಿ ತವೆಗೆ ಹೋಯಿತು. ನಾಗಲಿಂಗಮ್ಮ ಇನ್ನೊಂದು ಹಿಡಿದರು. ರೇಖಾಳ ಫೋನಿನ ಮೇಲೆ ಸೆಕೆಂಡುಗಳು ಒಂದೊಂದೇ ಏರುತ್ತಿದ್ದವು, ಕರೆ ಕಡಿದಿರಲಿಲ್ಲ.

"ಸಿಂಚೂ, ಅಜ್ಜಿಗೆ ಕೊಡವ್ವ ಫೋನು," ಎಂದಳು.