ಒಳಗೆ ಹೋಗುವ ಗೆರೆ

"ಇನ್ನೊಂಚೂರು ಬಿಗೀರ್ಲಾ, ತಲೆ ವಾಲ್ತಾ ಅದೆ," ಎಂದು ಮಾದಯ್ಯ ಕೂಗಿದ.

ದಾಯಾದಿಗಳಿಬ್ಬರು ಹೆಣದ ಹಣೆಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಹಿಂದಿನ ಹಲಗೆಗೆ ಎಳೆದು ಗಂಟು ಹಾಕಿದರು. ಮಾದಯ್ಯನ ತಮ್ಮ ಗಂಗಾಧರಸ್ವಾಮಿ, ನಂಜನಗೂಡಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟರಾಗಿದ್ದವನು, ಬಿಳಿಗೆರೆ ಹತ್ತಿರದ ಹುಟ್ಟೂರಿನಲ್ಲಿ, ಅಣ್ಣನ ಮನೆಯಂಗಳದ ಚಪ್ಪರದಡಿ ಹೆಣವಾಗಿ ಬೆನ್ನು ನೆಟ್ಟಗೆ ಮಾಡಿ ಕೂತ. ಅವರ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಪೂಜೆ, ಕೂರಿಸಿಯೇ ಮಣ್ಣು.

ಪಕ್ಕದಲ್ಲಿದ್ದ ಹೆಂಡತಿ ಮಂಗಳಗೌರಿಗೆ ಅಳು ಬರುವ ಬದಲು ಮೈ ಉರಿಯಿತು. ಮೂರು ವರ್ಷದಿಂದ ಈ ಮನುಷ್ಯ ಹೀಗೇ ನೆಟ್ಟಗೆ ಕೂತಿದ್ದ, ಕಾಲೇಜಿನ ಕಂಪ್ಯೂಟರಿನ ಮುಂದೆ. ಪಕ್ಕದ ಕುರ್ಚಿಯಲ್ಲಿ ಆ ಸಂಘಮಿತ್ರಾ.

ಜಂಗಮರು ಅವಳ ಕೈಗೆ ವಿಭೂತಿ ಗಟ್ಟಿ ಕೊಟ್ಟು ಹಣೆಗೆ ಹಚ್ಚಲು ಹೇಳಿದ್ದರು. ಹಚ್ಚಿದ್ದಳು. ಗಟ್ಟಿ ಇನ್ನೂ ಮುಷ್ಟಿಯಲ್ಲೇ ಇತ್ತು. ಕಣ್ಣು ಮಾತ್ರ ಬೀದಿಯ ಕಡೆ.

"ಯಾರ್ನವ್ವ ಕಾಯ್ತಾ ಇದ್ದೀಯೆ?" ಎಂದಳು ಮಾದಯ್ಯನ ಹೆಂಡತಿ ಪಾಪಮ್ಮ. "ಅತ್ತುಬುಡು ತಾಯಿ, ಎದೇಲಿ ಮಡೀಕಬ್ಯಾಡ."

"ಕಾಲೇಜಿನವರು ಬರಬೇಕಕ್ಕ."

"ಓ, ಆ ಮೇಡಮ್ಮಾ?" ಪಾಪಮ್ಮ ದನಿ ತಗ್ಗಿಸಿದಳು. "ಅಬ್ಬಕ್ಕೆ ಬಂದಾಗ್ಲೆಲ್ಲ ಅವಳ ಮಾತೇ ಆಡ್ತಿದ್ದೆ. ಇವತ್ತೊಂದಿನ ಬುಟ್ಟುಬುಡವ್ವ. ಆ ಮನ್ಸನೇ ಓಗ್ಬುಟ್ಟ, ಇನ್ನೇನದೆ."

ಬಿಡುವುದು ಹೇಗೆ? ಆ ಹೆಂಗಸು ಬಂದು ಹೇಗೆ ಅಳುತ್ತಾಳೆ ಎಂದು ನೋಡಲೇಬೇಕಿತ್ತು. ಅವಳು ಅಳುವುದರಲ್ಲೇ ಗೊತ್ತಾಗಿಬಿಡುತ್ತದೆ, ತನ್ನ ಗಂಡನಲ್ಲಿ ಅವಳ ಪಾಲೆಷ್ಟಿತ್ತೆಂದು.

*

ಎರಡು ಸಾವಿರದ ಮೂರರವರೆಗೆ ಗಂಗಾಧರಸ್ವಾಮಿ ಸಂಜೆಯಾದರೆ ಮನೆಗೆ ಬರುತ್ತಿದ್ದ. ಇಬ್ಬರೂ ಕಾಫಿ ಕುಡಿದು ಕಪಿಲಾ ಸೋಪಾನದ ತನಕ ನಡೆದು, ನೀರಿಗೆ ಕಾಲು ಬಿಟ್ಟುಕೊಂಡು ಕೂರುತ್ತಿದ್ದರು. ಮಾತು ಕಡಿಮೆ. ಆದರೆ ಆ ಮಾತಿಲ್ಲದಿರುವುದೂ ಇಬ್ಬರದಾಗಿತ್ತು.

ಆ ವರ್ಷ ಲ್ಯಾಬಿಗೆ ಕಂಪ್ಯೂಟರುಗಳು ಬಂದವು. ಅದೇ ವರ್ಷ ತಿ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುವ ಸಂಘಮಿತ್ರಾ ಎಂಬ ಹೊಸ ಲೆಕ್ಚರರ್ ಬಂದಳು. ಸರ್ಕ್ಯೂಟನ್ನು ತೆರೆಯ ಮೇಲೇ ಬರೆದು ಒಂದು ಬಟನ್ ಒತ್ತಿದರೆ, ತಂತಿಯಿಲ್ಲ, ಬೆಸುಗೆಯಿಲ್ಲ, ಕರೆಂಟು ಹೇಗೆ ಏರಿಳಿಯುತ್ತದೆ ಎಂಬುದು ಗೆರೆಯಾಗಿ ಮೂಡುತ್ತದಂತೆ. ಗಂಗಾಧರಸ್ವಾಮಿಗೆ ಹುಚ್ಚೇ ಹಿಡಿಯಿತು. ಮನೆಗೆ ಬಂದರೆ ಬಾಯಲ್ಲಿ ಅದೇ. ಇವತ್ತು ಗೆರೆ ಹೀಗೆ ಬಂತು, ಸಂಘಮಿತ್ರಾ ಮೇಡಂ ಹೀಗಂದರು, ನಾಳೆ ಅಳತೆ ಬದಲಾಯಿಸಿ ನೋಡಬೇಕು.

"ನನಗೂ ಹೇಳಿಕೊಡಿ," ಎಂದಳು ಮಂಗಳಗೌರಿ ಒಮ್ಮೆ.

ಅವನು ಉತ್ಸಾಹದಿಂದ ಲೋಟ, ಚಮಚ ಇಟ್ಟುಕೊಂಡು ಶುರುಮಾಡಿದ. ಒಲೆಯ ಮೇಲೆ ಹಾಲಿತ್ತು. ಅವಳು ಎರಡು ಸಲ ಎದ್ದು ಹೋಗಿಬಂದಳು. ಮೂರನೇ ಸಲ ಬರುವ ಹೊತ್ತಿಗೆ ಅವನು ಚಮಚ ತೆಗೆದಿಟ್ಟಿದ್ದ.

"ಬಿಡು ಗೌರಿ, ನಿನಗಿದೆಲ್ಲ ಬೇಜಾರು."

ಬೇಜಾರು ಎಂದು ಅವಳು ಹೇಳಿರಲಿಲ್ಲ. ಹಾಲು ಉಕ್ಕುತ್ತಿತ್ತು, ಅಷ್ಟೇ. ಆದರೆ ಆಮೇಲೆ ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಅವನು ಬರುವ ಹೊತ್ತು ಏಳಕ್ಕೆ ಸರಿಯಿತು, ಕಾಫಿಯನ್ನು ಅವಳೊಬ್ಬಳೇ ಕುಡಿದಳು. ಹೊಟ್ಟೆಯಲ್ಲಿ ಸಣ್ಣಗೆ ಹತ್ತಿಕೊಂಡ ಕಿಚ್ಚು ಆರಲೇ ಇಲ್ಲ. ಮೈಮೇಲೆ ಕೈ ಹಾಕಿದ್ದನ್ನು ಕಂಡಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಗೆರೆ ನೋಡುತ್ತಾರೆ ಎಂದು ಯಾರ ಹತ್ತಿರ ದೂರು ಹೇಳುವುದು?

*

ಕಾಲೇಜಿನ ವ್ಯಾನು ಬಂದಾಗ ಭಜನೆಯವರು ತಾಳ ನಿಲ್ಲಿಸಿ ಟೀ ಕುಡಿಯುತ್ತಿದ್ದರು. ಮೊದಲು ಇಳಿದವನು ಲೆಕ್ಚರರ್ ನಂಜುಂಡೇಶ್, ಕೈಯಲ್ಲಿ ದೊಡ್ಡ ಹಾರ. ಕೊನೆಗೆ ಸಂಘಮಿತ್ರಾ. ಮಾಸಿದ ಹತ್ತಿಯ ಸೀರೆ, ಬಾಚದ ತಲೆ. ಅಷ್ಟೇನೂ ಚೆಲುವೆಯಲ್ಲ ಎಂದು ಮಂಗಳಗೌರಿ ಇನ್ನೊಮ್ಮೆ ಅಳೆದುಕೊಂಡಳು. ಅದರಿಂದ ಸಮಾಧಾನವೇನೂ ಆಗಲಿಲ್ಲ.

"ನಿನ್ನೆ ಬೆಳಿಗ್ಗೆ ಅಲ್ಲುಜ್ತಾ ಇದ್ದವನು ಅಂಗೇ ಕುಸುದ್ನಂತೆ ಸಾ," ಎಂದು ಮಾದಯ್ಯ ನಂಜುಂಡೇಶನಿಗೆ ಹೇಳುತ್ತಿದ್ದ. "ಒಂದ್ ಜ್ವರ ಇಲ್ಲ, ಕೆಮ್ಮಿಲ್ಲ. ಯಾರ್ಗೆ ಗೊತ್ತಿತ್ತು?"

ಸಂಘಮಿತ್ರಾ ಹೆಣದ ಕಾಲು ಮುಟ್ಟಿದಳು. ಸದ್ದು ಮಾಡಿ ಅಳಲಿಲ್ಲ. ಮಂಗಳಗೌರಿಯ ಬಳಿ ಬಂದು ಕುಕ್ಕರಿಸಿ ಎರಡೂ ಕೈ ಹಿಡಿದುಕೊಂಡಳು.

"ಪರೀಕ್ಷೆ ಮುಗೀಲಿ, ಆಮೇಲೆ ಆಪರೇಷನ್ ಮಾಡಿಸ್ಕೋತೀನಿ ಅಂತಾನೇ ಮುಂದೆ ಹಾಕಿದ್ರು ಮೇಡಂ. ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ. ನೀವಾದ್ರೂ ಬಲವಂತ ಮಾಡಬಾರದಿತ್ತಾ?"

ಪಾಪಮ್ಮನ ತೊಡೆಯ ಮೇಲೆ ಬಿದ್ದು ಅಳುತ್ತಿದ್ದ ಮಂಗಳಗೌರಿಯ ಮಗಳು ರಮ್ಯ ತಲೆ ಎತ್ತಿದಳು.

"ಯಾವ ಆಪರೇಷನ್?" ಎಂದಳು ಮಂಗಳಗೌರಿ.

ಸಂಘಮಿತ್ರಾಳ ಮುಖ ಬಿಳಿಚಿಕೊಂಡಿತು. ಕೈ ಬಿಡಲು ನೋಡಿದಳು. ಮಂಗಳಗೌರಿ ಬಿಡಲಿಲ್ಲ. ಹಿಡಿದುಕೊಂಡೇ ಎದ್ದು, ಎಲ್ಲರೂ ನೋಡುತ್ತಿದ್ದಂತೆ ಅವಳನ್ನು ಎಳೆದುಕೊಂಡು ಮನೆಯೊಳಗಿಂದ ಹಾಯ್ದು ಹಿತ್ತಲಿಗೆ ಹೋದಳು.

*

ಮೂರು ತಿಂಗಳ ಹಿಂದೆ, ಜನವರಿಯಲ್ಲಿ ಒಂದು ಸಂಜೆ ಮಂಗಳಗೌರಿ ಬಿಸಿಬೇಳೆಬಾತ್ ಡಬ್ಬಿಗೆ ತುಂಬಿಕೊಂಡು ಲ್ಯಾಬಿಗೇ ಹೋಗಿದ್ದಳು. ಊಟದ ನೆಪ. ಕಣ್ಣಾರೆ ನೋಡಿಬಿಡಬೇಕೆಂಬುದು ನಿಜ.

ಬಾಗಿಲಲ್ಲೇ ನಗು ಕೇಳಿಸಿತು. ಮನೆಯಲ್ಲಿ ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

"ಒಂದು ವಾರದಿಂದ ಆ ಫಿಲ್ಟರನ್ನ ಬೈದಿದ್ದೇ ಬೈದಿದ್ದು ನೀವು. ಪಾಪ, ಅದರದೇನೂ ತಪ್ಪಿಲ್ಲ ನೋಡಿ!" ಎನ್ನುತ್ತಿದ್ದ. ಸಂಘಮಿತ್ರಾ ಹಣೆ ಚಚ್ಚಿಕೊಂಡು ನಗುತ್ತಿದ್ದಳು.

ತೆರೆಯ ಮೇಲೆ ಹಸಿರು, ಕೆಂಪು ಎರಡು ಗೆರೆ. ಸಣ್ಣ ಗುಡ್ಡ, ಚೂಪಾದ ಕೋಡು, ಆಮೇಲೊಂದು ತಗ್ಗು, ಮತ್ತೆ ಗುಡ್ಡ. ಅವೆರಡೂ ಒಂದಕ್ಕೊಂದು ಅಂಟಿಕೊಂಡು ಓಡುತ್ತಿದ್ದದ್ದು ಕೂಡ ಅವಳಿಗೆ ಸಹಿಸಲಾಗಲಿಲ್ಲ.

ಗಂಡ ತಿರುಗಿ ನೋಡಿದ. ಮುಖದ ನಗು ಹೋಗಿ ಇನ್ನೇನೋ ಬಂತು.

"ಗೌರಿ, ಬಂದೆಯಾ! ಬಾ ಇಲ್ಲಿ. ಈ ಗೆರೆ ಯಾರದು ಗೊತ್ತಾ?"

"ಯಾರದಾದರೆ ನನಗೇನು!" ಡಬ್ಬಿಯನ್ನು ಕೀಬೋರ್ಡಿನ ಪಕ್ಕ ಕುಕ್ಕಿದಳು. "ಆರಿಹೋಗತ್ತೆ, ಇಬ್ಬರೂ ಹಂಚಿಕೊಂಡು ತಿನ್ನಿ."

ಹಿಂದಿನಿಂದ ಗೌರೀ ಎಂದು ಕರೆದದ್ದು ಕೇಳಿಸಿತು. ನಿಲ್ಲಲಿಲ್ಲ. ಕರೆಯಲಿ ಬಿಡು, ಇನ್ನೂ ಒಂದು ಸಲ ಕರೆಯಲಿ ಎಂದುಕೊಂಡೇ ಮೆಟ್ಟಿಲಿಳಿದಿದ್ದಳು.

*

ಹಿತ್ತಲಿನ ಒಗೆಯುವ ಕಲ್ಲಿಗೆ ಒರಗಿ ನಿಂತು ಸಂಘಮಿತ್ರಾ ಹೇಳಿದಳು.

ಕೊನೇ ವರ್ಷದ ಹುಡುಗರಿಗೆ ಇಸಿಜಿ ಮೆಷೀನಿನ ಸರ್ಕ್ಯೂಟು ಪ್ರಾಜೆಕ್ಟಾಗಿ ಕೊಟ್ಟಿದ್ದರು. ಎದೆಬಡಿತದ ಜೊತೆ ಸೇರಿಕೊಳ್ಳುವ ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನು ಸೋಸಲು ಅದರಲ್ಲೊಂದು ಫಿಲ್ಟರ್. ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷಿಸಲು ಒಂದು ಎದೆಬಡಿತ ಬೇಕಿತ್ತು. ಗಂಗಾಧರಸ್ವಾಮಿ ಜೇಬಿನಿಂದ ಒಂದು ಇಸಿಜಿ ಕಾಗದ ತೆಗೆದು, ಅದರ ಚೌಕಗಳನ್ನು ಎಣಿಸಿ ಒಂದೊಂದೇ ಬಿಂದುವನ್ನು ಟೈಪ್ ಮಾಡಿದ್ದ. ಯಾರದೋ ಸ್ನೇಹಿತರದು ಎಂದಿದ್ದ.

"ಕೋಡು ಇಳಿದ ಮೇಲೆ ಗೆರೆ ಸಮಕ್ಕೆ ಬರಬೇಕು ಮೇಡಂ. ನಮ್ಮದು ತಗ್ಗಿಗೆ ಹೋಗ್ತಿತ್ತು. ಫಿಲ್ಟರ್ ಸರಿಯಿಲ್ಲದಿದ್ರೂ ಹಾಗಾಗತ್ತೆ. ನಾನು ಒಂದು ವಾರ ಫಿಲ್ಟರನ್ನೇ ತಿದ್ದಿದೆ. ಹೋಗಲೇ ಇಲ್ಲ. ಕೊನೆಗೆ ಒಳಗೆ ಹೋಗೋ ಗೆರೆ, ಹೊರಗೆ ಬರೋ ಗೆರೆ, ಎರಡನ್ನೂ ಒಂದರ ಮೇಲೊಂದು ಹಾಕಿ ನೋಡಿದೆ. ತಗ್ಗು ಒಳಗೆ ಹೋಗೋದರಲ್ಲೇ ಇತ್ತು, ಫಿಲ್ಟರಿಂದಲ್ಲ, ಆ ಎದೆಯಿಂದಲೇ ಬಂದದ್ದು. ನೀವು ಬಂದ ಸಂಜೆ ಅದು."

"ಅವತ್ತು ನಗ್ತಾ ಇದ್ರಿ."

"ಸರ್ಕ್ಯೂಟು ಸರಿಯಿದೆ ಅಂತ ನಕ್ಕೆ. ಅದು ಸರ್ ಎದೆ ಅಂತ ನನಗಿನ್ನೂ ಗೊತ್ತಿರಲಿಲ್ಲ." ಸಂಘಮಿತ್ರಾ ಕಣ್ಣೊರೆಸಿಕೊಂಡಳು. "ನಿಮ್ಮನ್ನ ಕರೆದು ನಿಮಗೇ ಹೇಳೋಕೆ ಹೊರಟಿದ್ರು. ನೀವು ಹೋಗಿಬಿಟ್ರಿ. ಆಮೇಲೆ ನನಗೆ ಹೇಳಿದ್ರು, ಆ ಕಾಗದ ತಮ್ಮದೇ, ಎದೆಯ ರಕ್ತನಾಳ ಕಟ್ಟಿದೆ, ಆಪರೇಷನ್ ಆಗಬೇಕು ಅಂದಿದಾರೆ ಡಾಕ್ಟರು ಅಂತ. ಮನೇಲಿ ಇವತ್ತೇ ಹೇಳ್ತೀನಿ ಅಂದ್ರು. ಮಾರನೇ ದಿನ ಕೇಳಿದ್ರೆ ಹೇಳಿದೆ ಅಂತಲೂ ಅಂದ್ರು."

ಆ ಮಾತು ತನಗೆಂದು ಹೊರಟಿದ್ದು. ಬಾಗಿಲ ತನಕ ಬಂದಿತ್ತು. ತಾನು ಬೆನ್ನು ಹಾಕಿದ್ದಕ್ಕೆ ಇವಳ ಕಿವಿಗೆ ಬಿತ್ತು. ಜನವರಿಯಿಂದ ಏಪ್ರಿಲ್‌ವರೆಗೆ, ತಾನು ಮುನಿಸಿನಿಂದ ತಟ್ಟೆ ಕುಕ್ಕುತ್ತಿದ್ದ ಅಷ್ಟೂ ದಿನ, ಗಂಡನ ಎದೆ ನೆನೆದು ಹೆದರಿದವಳು ಇವಳು. ಆ ಹೆದರಿಕೆಯೂ ತನ್ನದಾಗಿರಬೇಕಿತ್ತು. ಹೊಟ್ಟೆಯ ಕಿಚ್ಚು ಆರುವುದಿರಲಿ, ಮೈಯೆಲ್ಲ ಹಬ್ಬಿತು.

"ನಾನು ನಿದ್ದೆ ಮಾಡಿದೆ," ಎಂದಳು ಮಂಗಳಗೌರಿ. ನೀವು ಎನ್ನುವುದನ್ನೂ ಮರೆತಿದ್ದಳು. "ದಿನಾ ಅವರ ಪಕ್ಕದಲ್ಲೇ ಗೋಡೆ ಕಡೆ ತಿರುಗಿ ಮಲಗಿ ನಿದ್ದೆ ಮಾಡಿದೆ. ನೀನು ಮಾಡಿದೆಯಾ?"

"ಇಲ್ಲ ಮೇಡಂ."

ಅಂಗಳದಲ್ಲಿ ತಾಳ ಮತ್ತೆ ಶುರುವಾಯಿತು. "ಎತ್ರಲಾ, ಒತ್ತಾಯ್ತು!" ಎಂದು ಮಾದಯ್ಯ ಕೂಗುವುದು ಕೇಳಿಸಿತು. ಪಾಪಮ್ಮ ಹಿತ್ತಲ ಬಾಗಿಲಿಗೆ ಬಂದು, "ಬಾರವ್ವ, ಕಡೇ ಸಲ ಮೊಕ ನೋಡ್ಕೊ," ಎಂದಳು.

ಮಂಗಳಗೌರಿ ಮುಷ್ಟಿ ಬಿಚ್ಚಿದಳು. ವಿಭೂತಿ ಗಟ್ಟಿ ಬೆವರಿಗೆ ಒದ್ದೆಯಾಗಿತ್ತು. ಅದನ್ನು ಸಂಘಮಿತ್ರಾಳ ಕೈಗಿಟ್ಟು ಒಗೆಯುವ ಕಲ್ಲು ತೋರಿಸಿದಳು.

"ಬರಿ. ಹೇಗಿತ್ತು ಬರಿ."

ಸಂಘಮಿತ್ರಾ ಬಗ್ಗಿ ಕರಿಕಲ್ಲಿನ ಮೇಲೆ ಬರೆದಳು. ಸಣ್ಣ ಗುಡ್ಡ, ಚೂಪಾದ ಕೋಡು, ಕೋಡಿನ ಆಚೆ ತಗ್ಗು, ಮತ್ತೆ ಗುಡ್ಡ. ಒಂದು ಬಡಿತ. ಇನ್ನೊಂದು. ಮೂರನೆಯದಕ್ಕೆ ಕೈ ಎತ್ತಿದಾಗ ಮಂಗಳಗೌರಿ ಗಟ್ಟಿಯನ್ನು ಕಿತ್ತುಕೊಂಡಳು.

ಮಂಡಿಯೂರಿ ಕೂತು ತಾನೇ ಬರೆಯತೊಡಗಿದಳು. ಕೋಡುಗಳು ಸೊಟ್ಟಗಾದವು, ತಗ್ಗುಗಳು ಅಂಕುಡೊಂಕಾದವು, ಆದರೂ ನಿಲ್ಲಿಸದೆ ಕಲ್ಲಿನ ಅಂಚಿನ ತನಕ ಒತ್ತೊತ್ತಾಗಿ ಬರೆದಳು. ಅಂಗಳದಲ್ಲಿ ಜನ ಹೆಗಲು ಕೊಟ್ಟು ಏಳುವ ಸದ್ದಾಯಿತು. ಪಾಪಮ್ಮ ಮತ್ತೆ ಕರೆದಳು.

ಮಂಗಳಗೌರಿ ಕಲ್ಲಿನ ಈ ತುದಿಗೆ ಸರಿದು ಬಂದಳು. ಸಂಘಮಿತ್ರಾ ಬರೆದಿದ್ದ ಮೊದಲಿನ ಎರಡನ್ನು ಸೆರಗಿನ ತುದಿಯಿಂದ ಒರೆಸಿದಳು. ಆಮೇಲೆ ಅವನ್ನೂ ತಾನೇ ಬರೆದಳು.