ಅನಾಥ ಹುಡುಗನ ಅಮ್ಮ

ಹಾಡುವ ತಂಡದ ಐವರು ಹುಡುಗರಿಗೂ ಮ್ಯಾನೇಜರು ಜನರ ಮುಂದೆ ತೋರಿಸಲು ಒಂದೊಂದು ಸ್ವಭಾವ ಹಂಚಿದರು. ಒಬ್ಬ ತುಂಟ, ಒಬ್ಬ ಮುಂಗೋಪಿ, ಒಬ್ಬ ನಾಚಿಕೆಯವನು, ಇನ್ನೊಬ್ಬ ಕವಿ. ಕೊನೆಯವನಿಗೆ ಏನೂ ಉಳಿಯದ್ದರಿಂದ ಅವನನ್ನು ಅನಾಥನನ್ನಾಗಿ ಮಾಡಿದರು. ಆ ಹೊತ್ತಿಗೆ ಅವನ ತಾಯಿ ಅಲ್ಲೇ ಮಂಡಿಯೂರಿ ಕೂತು ಅವನ ಪ್ಯಾಂಟಿನ ಅಂಚು ಮಡಚುತ್ತಿದ್ದಳು. ತಂಡದ ಬಟ್ಟೆ ಹೊಲಿಯುವ ಕೆಲಸ ಅವಳದೇ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವಳು ಏನು ತಾನೇ ಹೇಳಿಯಾಳು?

“ಒಂದು ದೊಡ್ಡ ಷೋ ಆಗ್ಲಿ ಅಮ್ಮಾ, ಎಲ್ಲರ ಮುಂದೆ ನಿನ್ನ ಅಮ್ಮ ಅಂತ ಕರೀತೀನಿ,” ಎಂದ ಮಗ. ಅಲ್ಲಿಯವರೆಗೆ ಅವಳು ಬರೀ ಟೈಲರ್ ಮೇಡಂ. ಹೆತ್ತ ಕರುಳು ನೋಡಿ, ಒಪ್ಪಿಕೊಂಡಳು.

ಹುಡುಗರು ಹೆಸರು ಮಾಡಿದರು. ಹಾಡುವುದು ರೆಕಾರ್ಡು, ಬಾಯಿ ಆಡಿಸುವುದು ಇವರು, ಮೂರ್ಛೆ ಹೋಗುವುದು ಹುಡುಗಿಯರು. ಕೆಲಸ ಸಮನಾಗಿ ಹಂಚಿಕೆಯಾಗಿತ್ತು. ನಡುನಡುವೆ ಮಾತಾಡಲು ಮಾತ್ರ ಮೈಕು ಹಾಕುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಗಿರಾಕಿ ಅನಾಥನಿಗೇ.

“ಇಂಥ ಬಂಗಾರದಂಥ ಮಗನ್ನ ಬಿಟ್ಟುಹೋದವಳು ಉದ್ಧಾರ ಆಗ್ತಾಳಾ?” ಎಂದು ಹೆಂಗಸರು ಬಾಗಿಲಲ್ಲಿ ನಿಂತು ಶಪಿಸುತ್ತಿದ್ದರು. ಉದ್ಧಾರವಾಗದವಳು ಒಳಗೆ ಆ ಬಂಗಾರದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

ಕೊನೆಗೂ ದೊಡ್ಡ ಷೋ ಬಂತು. ಅದರ ಜೊತೆಗೇ ಮ್ಯಾನೇಜರಿಗೆ ಹೊಸ ಹುಚ್ಚು: ಅನಾಥನಿಗೆ ವೇದಿಕೆಯ ಮೇಲೆ ಒಬ್ಬ ತಾಯಿ ಸಿಗಬೇಕು.

“ಅದಕ್ಕೆ ನಾನೇ ಇದೀನಲ್ಲ ಸಾರ್,” ಎಂದಳು.

ಅವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಬೇಜಾರು ಮಾಡ್ಕೋಬೇಡಿ ಮೇಡಂ. ಹೆತ್ತಿರೋದು ನೀವೇ, ಇಲ್ಲ ಅನ್ನಲ್ಲ. ಆದ್ರೆ ಮುಖದಲ್ಲಿ ತಾಯಿಕಳೆ ಬೇಕಲ್ಲ?”

ಕಳೆ ಇದ್ದ ನಟಿಯೊಬ್ಬಳು ಬಂದಳು. ಅವಳು ವೇದಿಕೆಯಲ್ಲಿ ಅಪ್ಪಿಕೊಂಡ ರಭಸಕ್ಕೆ ಹುಡುಗನ ಕೋಟಿನ ತೋಳು ಚರ್ರನೆ ಬಿಚ್ಚಿಕೊಂಡಿತು. ಬಟ್ಟೆ ಹರಿದರೆ ಅವನು ಚಿಕ್ಕಂದಿನಿಂದ ಕೂಗುವುದು ಒಬ್ಬಳನ್ನೇ. ಪರದೆಯ ಕಡೆ ತಿರುಗಿ, ಮೈಕಿನಲ್ಲೇ, “ಅಮ್ಮಾ!” ಎಂದುಬಿಟ್ಟ.

ಪರದೆಯ ಹಿಂದೆ ಸೂಜಿ ಹಿಡಿದು ನಿಂತವಳ ಎದೆ ತುಂಬಿ ಬಂತು. ಓಗೊಡಲು ಬಾಯಿಂದ ಗುಂಡುಸೂಜಿ ತೆಗೆಯುವಷ್ಟರಲ್ಲಿ ನಟಿ, “ಏನು ಕಂದಾ?” ಎಂದು ಅವನ ಮುಖ ಹಿಡಿದಳು. ಸಭೆಯೆಲ್ಲ ಗೊಳೋ ಎಂದಿತು. ಮಗ ಒಮ್ಮೆ ಪರದೆಯತ್ತ, ಒಮ್ಮೆ ಸಭೆಯತ್ತ ನೋಡಿ, ಮೆಲ್ಲಗೆ ನಟಿಯ ಹೆಗಲಿಗೆ ಒರಗಿದ.

ಹಾಡು ಮುಗಿದದ್ದೇ ಒಳಗೆ ಓಡಿ ಬಂದು ಭುಜ ಒಡ್ಡಿದ. “ಅಮ್ಮಾ, ಬೇಗ ಹೊಲಿ. ಇನ್ನೊಂದು ಹಾಡಿದೆ.”

ಅವಳು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. “ಎಲ್ಲರ ಮುಂದೆ ಒಬ್ಬಳನ್ನ ಅಮ್ಮ ಅಂತ ಒಪ್ಕೊಂಡ್ಯಲ್ಲಪ್ಪ, ಅವಳ ಹತ್ರ ಹೊಲಿಸ್ಕೋ.”

ಹುಡುಗ ಹರಿದ ತೋಳಿನಲ್ಲೇ ವೇದಿಕೆಗೆ ಹೋದ. ಈ ಸಲ ಅವನ ಕಣ್ಣಲ್ಲಿ ನಿಜವಾದ ನೀರಿತ್ತು. “ಪಾಪ, ಒಂದು ಹೊಲಿಗೆ ಹಾಕಿಕೊಡೋಕೂ ಯಾರೂ ಇಲ್ವಲ್ಲೋ!” ಎಂದು ಮುಂದಿನ ಸಾಲು ಬಿಕ್ಕಿತು. ಹಿಂದಿನ ಸಾಲುಗಳು ಕುರ್ಚಿಯ ಮೇಲೆ ಹತ್ತಿ ನಿಂತವು.

ಮ್ಯಾನೇಜರು ಏದುಸಿರು ಬಿಡುತ್ತಾ ಒಳಗೆ ಬಂದು ಅವಳಿಗೆ ಕೈ ಮುಗಿದರು.

“ಅದ್ಭುತ ಮೇಡಂ! ನಾಳೆಯಿಂದ ದಿನಾ ನೀವೇ ಹರಿದುಕೊಡಿ.”