ಸಾಹೇಬರಿಗೂ ಜಾಗವಿದೆ

"ಅತ್ತಿಗೆ, ಈ ವರ್ಷ ನೀವು ತಪ್ಪಿಸ್ಕೊಳ್ಳೋ ಹಾಗಿಲ್ಲ," ಎಂದು ಮೈದುನ ಫೋನನ್ನು ಎತ್ತಿ ಹಿಡಿದು ಊಟದ ಮೇಜಿನ ಸುತ್ತ ಕೂತವರಿಗೆಲ್ಲ ತೋರಿಸಿದ. "ನೋಡಿ, ಇಲ್ಲೇ ಹಾಕಿದ್ದಾರೆ. ಈ ರೆಸಾರ್ಟಲ್ಲಿ ಸಾಕುನಾಯಿಗೂ ಜಾಗ ಇದೆಯಂತೆ. ನಮ್ಮ ಕಾಟೇಜಲ್ಲೇ ಇಟ್ಕೋಬಹುದಂತೆ."

ಮಕ್ಕಳು ತಟ್ಟೆ ಬಿಟ್ಟು ನಾಯಿಯ ಹತ್ತಿರ ಓಡಿದರು. ದೊಡ್ಡ ಸೊಸೆಯ ಗಂಡ, ತಾನೇ ಆ ರೆಸಾರ್ಟನ್ನು ಕಟ್ಟಿಸಿದವನ ಹಾಗೆ, ಅವಳ ಕಡೆ ನೋಡಿ ನಕ್ಕ. "ಪ್ರತಿ ವರ್ಷ ನಿಮ್ಮನ್ನ ಒಬ್ಬರನ್ನೇ ಬಿಟ್ಟು ವ್ಯಾನ್ ಹತ್ತೋವಾಗ ನನಗೆ ಹೊಟ್ಟೆ ಚುರುಕ್ ಅನ್ನೋದು ಅಕ್ಕ," ಎಂದಳು ಓರಗಿತ್ತಿ. ಅದು ಬರೀ ಬಾಯಿಮಾತಲ್ಲ. ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ದೊಡ್ಡ ಸೊಸೆ ಲೋಟ ಒರೆಸುತ್ತ ನಿಂತಿದ್ದಳು. "ಹೌದಾ? ಒಳ್ಳೇದೇ ಆಯ್ತಲ್ಲ," ಎಂದಳು. ಮುಖದಲ್ಲಿ ನಗು ತಂದುಕೊಂಡಳು. ಒರೆಸಿದ ಲೋಟವನ್ನೇ ಮತ್ತೆ ತೆಗೆದುಕೊಂಡು ಒರೆಸತೊಡಗಿದಳು.

ಅಣ್ಣತಮ್ಮಂದಿರು ಸೇರಿ ನಡೆಸುವ ಕನ್ನಡಕದ ಅಂಗಡಿ ಕೆಳಗೆ, ಮನೆ ಮೇಲೆ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ನಾಲ್ಕು ದಿನ ಅಂಗಡಿಗೆ ಬೀಗ ಹಾಕಿ, ಮನೆಮಂದಿಯೆಲ್ಲ ನೀರಿರುವ ಕಡೆ ಎಲ್ಲಾದರೂ ಹೋಗಿ ಬೀಳುವುದು ರೂಢಿ. ನಾಯಿಯ ಹೆಸರು ಸಾಹೇಬ. ಕಂದು ಮೈ, ಜೋಲು ಕಿವಿ. ಯಾರು ಕರೆದರೂ ಒಂದೇ ಕಣ್ಣು ತೆರೆದು, 'ಅರ್ಜಿ ನಾಳೆ ತನ್ನಿ' ಎನ್ನುವಂತೆ ನೋಡಿ ಮತ್ತೆ ಮುಚ್ಚಿಕೊಳ್ಳುವ ಆ ಠೀವಿಗೆ ಬೇರೆ ಹೆಸರು ಒಪ್ಪುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಬಹುವಚನದಲ್ಲೇ ವಿಚಾರಿಸಿಕೊಳ್ಳುತ್ತಿದ್ದರು: ಸಾಹೇಬರ ಊಟ ಆಯ್ತಾ, ಸಾಹೇಬರು ಎದ್ದರಾ ಎಂದು.

ಸಾಹೇಬರು ಇನ್ನೂ ಮರಿಯಾಗಿದ್ದಾಗ, ಪ್ರವಾಸ ಹೊರಡುವ ಹಿಂದಿನ ದಿನ ಅವರ ಹೊಟ್ಟೆ ಕೆಟ್ಟಿತು. ಯಾರಾದರೊಬ್ಬರು ಮನೆಯಲ್ಲಿ ಉಳಿಯಲೇಬೇಕಾಯಿತು. ದೊಡ್ಡ ಸೊಸೆ ಆಗ ಬೇಜಾರಿನಿಂದಲೇ ಉಳಿದದ್ದು. ವ್ಯಾನು ಬೀದಿಯ ತಿರುವು ದಾಟಿದ ಮೇಲೆ ಬಾಗಿಲು ಹಾಕಿಕೊಂಡು ಬಂದು ನಡುಮನೆಯಲ್ಲಿ ಸುಮ್ಮನೆ ನಿಂತಳು. ಮದುವೆಯಾಗಿ ಬಂದಮೇಲೆ ಆ ಮನೆಯಲ್ಲಿ ಬೇರೆಯವರ ದನಿಯಿಲ್ಲದೆ ಅವಳು ನಿಂತದ್ದು ಅದೇ ಮೊದಲು. ಏನು ಮಾಡಬೇಕೆಂದು ತೋಚಲಿಲ್ಲ. ಆಮೇಲೆ, ಏನೂ ಮಾಡಬೇಕಾಗಿಲ್ಲ ಎಂಬುದು ಮೆಲ್ಲಗೆ ತಲೆಗೆ ಹೋಯಿತು.

ಆ ನಾಲ್ಕು ದಿನ ಅವಳು ಘನಂದಾರಿ ಕೆಲಸವೇನೂ ಮಾಡಲಿಲ್ಲ. ಒಲೆ ಹಚ್ಚಲಿಲ್ಲ, ತಲೆ ಬಾಚಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರಿ ನಿಂತುಕೊಂಡೇ ತಿಂದಳು. ಕಿಟಕಿಯ ಮುಂದಿದ್ದ ಅತ್ತೆಯ ದೊಡ್ಡ ಕುರ್ಚಿಯನ್ನು ಸರಿಸಿದರೆ ಮಧ್ಯಾಹ್ನ ಅಲ್ಲಿ ಚಾಪೆಯಗಲದ ಬಿಸಿಲು ಬೀಳುತ್ತದೆ ಎಂಬುದನ್ನು ಕಂಡುಕೊಂಡಳು. ಆ ಬಿಸಿಲಲ್ಲಿ ಅವಳೂ ಸಾಹೇಬರೂ ಅಡ್ಡಾದರು. ನನ್ನ ಕಾಲುಚೀಲ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕೊನೆಯ ದಿನ ಕುರ್ಚಿಯನ್ನು ನೆಲದ ಮೇಲೆ ಅದರ ಕಾಲುಗಳು ಸವೆಸಿದ್ದ ನಾಲ್ಕು ಗುರುತುಗಳ ಮೇಲೆ ಅಂದಾಜಿಗೆ ತಂದಿಟ್ಟು, ತಲೆ ಬಾಚಿಕೊಂಡು, ಎಲ್ಲರಿಗೂ ಬಾಗಿಲು ತೆರೆದಳು.

ಮರುವರ್ಷ ಗಂಡ, ನಾಯಿ ಹಾಸ್ಟೆಲ್ ಅಂತ ಒಂದಿದೆಯಂತೆ, ಅಲ್ಲಿ ಬಿಟ್ಟು ಹೋಗೋಣ ಎಂದಾಗ ಅವಳ ಬಾಯಿಂದ ಅವಳಿಗೇ ಗೊತ್ತಿಲ್ಲದ ಹಾಗೆ ಒಂದು ಸುಳ್ಳು ಜಾರಿತು. "ಅಲ್ಲಿ ಉಪವಾಸ ಬೀಳ್ತಾನೆ. ನನ್ನ ಕೈ ಬಿಟ್ಟು ಬೇರೆಯವರ ಕೈಯಲ್ಲಿ ಒಂದು ತುತ್ತೂ ಮುಟ್ಟಲ್ಲ."

ನಾಯಿಯ ತಟ್ಟೆ ಇಡುತ್ತಿದ್ದವಳು ಅವಳೊಬ್ಬಳೇ. ಹಾಗಾಗಿ ಆ ಮಾತನ್ನು ಪರೀಕ್ಷಿಸಿ ನೋಡುವ ಉಸಾಬರಿಗೆ ಯಾರೂ ಹೋಗಲಿಲ್ಲ. ಅಲ್ಲಿಂದಾಚೆಗೆ ಅವಳು ಮನೆಯ ತ್ಯಾಗಮೂರ್ತಿ. ಗಂಡ ಪ್ರತಿ ಸಲವೂ ಅವಳಿಗೆಂದು ಚಿಪ್ಪು ಅಂಟಿಸಿದ ಪುಟ್ಟ ಪೆಟ್ಟಿಗೆಯೊಂದನ್ನು ತರುತ್ತಿದ್ದ. ಅವು ಕಪಾಟಿನಲ್ಲಿ ಸಾಲಾಗಿ ಕೂತು ಅವಳನ್ನು ಅಣಕಿಸುತ್ತಿದ್ದವು. ಮನೆಯವರ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಇತ್ತು, ಬೇಕಾದಷ್ಟಿತ್ತು. ಆ ನಾಲ್ಕು ದಿನಗಳ ಬಲದ ಮೇಲೆಯೇ ಉಳಿದ ದಿನಗಳ ಪ್ರೀತಿ ನಡೆಯುತ್ತಿತ್ತು ಎಂದು ಹೇಳಿದರೆ ಯಾರಿಗೆ ಅರ್ಥವಾದೀತು?

ರೆಸಾರ್ಟು ಒಂದು ದೊಡ್ಡ ಕೆರೆಯ ದಂಡೆಯಲ್ಲಿತ್ತು. ನಾಯಿ ತಂದವರಿಗೆ ಕೊನೆಯ ಸಾಲಿನ ಕಾಟೇಜು. ಪಕ್ಕದಲ್ಲೇ ಬಟ್ಟೆ ಒಗೆಯುವ ಯಂತ್ರಗಳ ಕೋಣೆ ದಿನವಿಡೀ ಗುರುಗುಟ್ಟುತ್ತಿತ್ತು. ರಿಸೆಪ್ಷನ್ನಿನ ಹುಡುಗಿ ಪಾಠ ಒಪ್ಪಿಸುವ ಹಾಗೆ ನಿಯಮಗಳನ್ನು ಹೇಳಿದಳು. ಊಟದ ಹಾಲಿಗೆ ನಾಯಿಯನ್ನು ತರುವ ಹಾಗಿಲ್ಲ, ಈಜುಕೊಳದ ಹತ್ತಿರ ಬಿಡುವ ಹಾಗಿಲ್ಲ. "ರೂಮಲ್ಲಿ ಒಂಟಿಯಾಗಿ ಬಿಟ್ಟು ಹೋಗೋ ಹಾಗೂ ಇಲ್ಲ. ಮನೆಯವರು ಒಬ್ಬರು ಯಾವಾಗಲೂ ಜೊತೆಗೆ ಇರಬೇಕು."

ದೊಡ್ಡ ಸೊಸೆಗೆ ಹೋದ ಜೀವ ಬಂದ ಹಾಗಾಯಿತು. "ನಾನಿರ್ತೀನಿ ಬಿಡಿ," ಎಂದಳು, ಸ್ವಲ್ಪ ಜಾಸ್ತಿಯೇ ಬೇಗ.

"ಈ ಸಲ ಅದೆಲ್ಲ ನಡೆಯಲ್ಲ ಅತ್ತಿಗೆ," ಎಂದ ಮೈದುನ. "ಪಾಳಿ ಹಾಕೋಣ. ನೀವು ಸುಮ್ಮನೆ ಆರಾಮಾಗಿರಿ."

ಪಾಳಿ ಹಾಕಿದರು. ಅವಳ ಪಾಳಿ ಬಂದಾಗ, ಪಾಪ ಒಬ್ಬಳೇ ಇರುತ್ತಾಳಲ್ಲ ಎಂದು ಗಂಡ ಬಂದು ಕೂತ. ಅವನು ಹೋದಮೇಲೆ ಮಗಳು ಬಂದಳು. ಮಗಳ ಹಿಂದೆಯೇ ಓರಗಿತ್ತಿ ಒದ್ದೆ ತಲೆ ಒರೆಸಿಕೊಳ್ಳುತ್ತ ಬಂದು, ಕೂತು, ತನ್ನ ತಂಗಿಯ ಮನೆಯ ಕಥೆ ಶುರು ಮಾಡಿದಳು. ಎಲ್ಲರೂ ಒಳ್ಳೆಯವರು. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಜಗಳವಾಡಿಯಾದರೂ ಒಂದು ಗಂಟೆ ಮುಖ ತಿರುಗಿಸಿ ಕೂರಬಹುದಿತ್ತು. ಮನೆಯಲ್ಲಾದರೆ ಮಹಡಿಗೆ ಒಗೆದ ಬಟ್ಟೆ ಹರವಲು ಹೋದಾಗ ಐದು ನಿಮಿಷ ಸಿಗುತ್ತಿತ್ತು. ಇಲ್ಲಿ ಬಟ್ಟೆ ಒಗೆಯಲಿಕ್ಕೂ ಬೇರೆಯವರಿದ್ದರು.

ಮರುದಿನ ಮಧ್ಯಾಹ್ನದ ಊಟಕ್ಕೆ, ಸಾಹೇಬರೂ ಜೊತೆಗಿರಲಿ ಎಂದು, ಹುಲ್ಲುಹಾಸಿನ ಮೇಲೆ ಮೇಜು ಹಾಕಿಸಿದರು. ಬಡಿಸಲು ಬಂದ ಅಡಿಗೆಯವನು ಭಾರಿ ಮೀಸೆಯ ಆಳು. ನಾಯಿಯನ್ನು ಕಂಡು, "ಬಾರೋ ರಾಜ," ಎಂದು ಬ್ರೆಡ್ಡಿನ ತುಂಡೊಂದನ್ನು ಸಾರಿನಲ್ಲಿ ಅದ್ದಿ ಕೈ ಚಾಚಿದ.

"ತಿನ್ನಲ್ಲ ಅವನು," ಎಂದ ಗಂಡ, ಹೆಮ್ಮೆಯಿಂದ. "ನನ್ನ ಹೆಂಡ್ತಿ ಕೈ ಬಿಟ್ಟು..."

ಸಾಹೇಬರು ಎದ್ದರು. ಅಷ್ಟು ಚುರುಕಾಗಿ ಎದ್ದದ್ದನ್ನು ಮನೆಯವರು ಎಂದೂ ನೋಡಿರಲಿಲ್ಲ. ಬ್ರೆಡ್ಡು ನುಂಗಿದರು, ಅಡಿಗೆಯವನ ಅಂಗೈ ನೆಕ್ಕಿದರು, ಅವನ ಮೀಸೆಯನ್ನೂ ಮೂಸಿ ನೋಡಿದರು. ಆಮೇಲೆ ಪಕ್ಕದ ಮೇಜಿಗೆ ಹೋಗಿ ಕಂಡು ಕೇಳದ ಮಗುವಿನ ಕೈಯಿಂದ ಬೇಯಿಸಿದ ಮೊಟ್ಟೆ ತಿಂದರು.

"ದಿನಾ ನನ್ನ ಹತ್ರಾನೂ ಬಿಸ್ಕೆಟ್ ತಿಂತಾನೆ," ಎಂದಳು ಓರಗಿತ್ತಿಯ ಮಗಳು. ಹೇಳಿಬಿಟ್ಟು, ನಾಯಿಗೆ ಬಿಸ್ಕೆಟ್ ಕೊಡಬಾರದೆಂಬ ಕಟ್ಟಪ್ಪಣೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

"ಏನತ್ತಿಗೆ, ಯಾರ ಕೈಯಲ್ಲೂ ತಿನ್ನಲ್ಲ ಅಂತಿದ್ರಿ?" ಎಂದು ಮೈದುನ ನಕ್ಕ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅವಳಿಗೆ ಮುಖ ಬಿಸಿಯಾಯಿತು.

"ಜಾಗ ಬದಲಾದ್ರೆ ಹಾಗೆ ಆಗುತ್ತೇನೋ," ಎಂದಳು.

"ಒಳ್ಳೇದೇ ಆಯ್ತು ಬಿಡು," ಎಂದ ಗಂಡ. ಅವನು ನಿಜಕ್ಕೂ ಹಗುರಾಗಿದ್ದ. "ಇನ್ಮೇಲೆ ಹಾಸ್ಟೆಲ್ಲಲ್ಲಿ ಬಿಟ್ಟರೂ ತಿಂದ್ಕೊಂಡು ಇರ್ತಾನೆ. ನೀನು ಇನ್ಯಾವತ್ತೂ ಮನೇಲಿ ಉಳ್ಕೋಬೇಕಾಗಿಲ್ಲ."

ಇನ್ಯಾವತ್ತೂ. ಅವಳು ತಟ್ಟೆಯತ್ತ ನೋಡುತ್ತ ಕೂತಳು. ತಲೆಯೆತ್ತಿದಾಗ ಅತ್ತೆಯ ಕಣ್ಣು ತನ್ನ ಮೇಲಿರುವುದು ಕಂಡಿತು. ಅತ್ತೆ ಉಪ್ಪಿನ ಡಬ್ಬಿಗೆ ಕೈ ಚಾಚಿದರು.

ಸಂಜೆ ಎಲ್ಲರೂ ದೋಣಿ ವಿಹಾರಕ್ಕೆ ಹೊರಟರು. ನನಗೆ ತಲೆ ಸುತ್ತುತ್ತೆ ಎಂದು ಅತ್ತೆ ಉಳಿದರು; ಜೊತೆಗಿರಲು ಅವಳೂ ಉಳಿಯಲಿ ಎಂದರು. ಕಾಟೇಜಿನ ಜಗುಲಿಯಲ್ಲಿ ಎರಡು ಬೆತ್ತದ ಕುರ್ಚಿ, ನಡುವೆ ಸಾಹೇಬರು. ಯಂತ್ರಗಳ ಸದ್ದು ನಿಂತ ಮೇಲೆ ಅತ್ತೆ ಬಾಯಿಬಿಟ್ಟರು.

"ನಾಯಿ ಬಾಯಿ ನಂಬ್ಕೊಂಡು ಯಾರಾದ್ರೂ ಸುಳ್ಳು ಹೇಳ್ತಾರೇನೇ? ಅದಕ್ಕಿಂತ ನಿನ್ನ ಗಂಡನ್ನ ನಂಬಬಹುದಿತ್ತು."

ಅವಳು ಬಗ್ಗಿ ಸಾಹೇಬರ ಹಗ್ಗ ಸರಿಮಾಡಿದಳು.

"ನನ್ನ ಕುರ್ಚಿ ಯಾಕೆ ಸರಿಸ್ತೀಯ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ತಂತಾನೇ ಬೆತ್ತದ ಕುರ್ಚಿಯ ಅಂಚನ್ನು ಹಿಡಿಯಿತು. "ನಿಮಗೆ ಹೇಗೆ..."

"ಪ್ರತಿ ವರ್ಷ ಬಂದು ನೋಡಿದ್ರೆ ಒಂದು ಕಾಲು ಗುರುತಿಂದ ಆಚೆ ಇರುತ್ತೆ. ಕೂತ ತಕ್ಷಣ ಕುಂಟುತ್ತೆ. ಕಸ ಗುಡಿಸೋಕೆ ಇರಬಹುದು ಅಂದ್ಕೊಂಡಿದ್ದೆ. ಇವತ್ತು ಅವನು ಮೊಟ್ಟೆ ತಿಂದಾಗ, ಗುಡಿಸೋಕಲ್ಲ ಅಂತ ಗೊತ್ತಾಯ್ತು."

"ಬಿಸಿಲಿಗೆ," ಎಂದಳು ಅವಳು. "ಮಧ್ಯಾಹ್ನ ಅಲ್ಲಿ ಬಿಸಿಲು ಬರುತ್ತೆ ಅತ್ತೆ. ನೀವು ಕೂತಿರ್ತೀರಲ್ಲ, ಬೆನ್ನ ಮೇಲೆ ಬೀಳುತ್ತೆ, ನಿಮಗೆ ಕಾಣಲ್ಲ. ನಾನೂ ಇವನೂ ಅಲ್ಲಿ ಮಲಗ್ತೀವಿ. ಅಷ್ಟೇ. ಬೇರೆ ಏನೂ ಮಾಡಲ್ಲ. ನಿಮ್ಮ ಮೇಲೆ, ಯಾರ ಮೇಲೂ ಬೇಜಾರಿಲ್ಲ ನನಗೆ."

"ಬೇಜಾರು ಅಂತ ನಾನು ಹೇಳಿದ್ನಾ?"

ಕೆರೆಯ ಕಡೆಯಿಂದ ಮಕ್ಕಳ ಕೇಕೆ ಕೇಳಿಸಿತು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಯಾರೂ ಇಲ್ಲದಾಗ ನಮ್ಮನೆ ಹೇಗಿರುತ್ತೆ?"

ಅವಳಿಗೆ ಮೊದಲು ಪ್ರಶ್ನೆ ಅರ್ಥವಾಗಲಿಲ್ಲ. ಅತ್ತೆ ತಮಾಷೆ ಮಾಡುತ್ತಿಲ್ಲ ಎಂದು ತಿಳಿದ ಮೇಲೆ ಯೋಚಿಸಿ ಹೇಳಿದಳು. "ದೊಡ್ಡದಾಗುತ್ತೆ ಅತ್ತೆ. ಫ್ರಿಜ್ ಒಂದೊಂದ್ಸಲ ನಡುಗಿ ಸುಮ್ಮನಾಗುತ್ತೆ. ಬಿಸಿಲಿಗೆ ಮೆಟ್ಟಿಲಿನ ಮರ ಲಟ್ ಅನ್ನುತ್ತೆ. ಪಕ್ಕದ ಮನೆಯವರು ಹಾಡ್ತಾರೆ ಅಂತಾನೇ ನನಗೆ ಗೊತ್ತಿರಲಿಲ್ಲ."

"ಹಾಡ್ತಾರಾ?"

"ಕೆಟ್ಟದಾಗಿ."

ಅತ್ತೆ ನಕ್ಕರು. "ನಾನು ಆ ಮನೆಗೆ ಬಂದಾಗ ನನ್ನತ್ತೆ, ನನ್ನ ಮಾವ, ಇಬ್ಬರು ನಾದಿನಿಯರು. ಆಮೇಲೆ ಮಕ್ಕಳು. ಆಮೇಲೆ ನೀವು. ಒಬ್ಬಳೇ ಅಂತ ಇದ್ದಿದ್ದು ಬಚ್ಚಲಲ್ಲಿ ಮಾತ್ರ. ಅಲ್ಲೂ ಯಾರಾದ್ರೂ ಬಂದು ಬಾಗಿಲು ಬಡೀತಿದ್ರು." ಬಗ್ಗಿ ಸಾಹೇಬರ ಕಿವಿ ಸವರಿದರು. "ಮುಂದಿನ ವರ್ಷ ನಾನು ಉಳ್ಕೋತೀನಿ ಇವನ ಜೊತೆ. ನೀನು ಹೋಗು."

ಬೇಡ ಎನ್ನಬೇಕೆನಿಸಿತು ಅವಳಿಗೆ. ಆ ನಾಲ್ಕು ದಿನ ತನ್ನವು. ಆ ಬಿಸಿಲನ್ನು ಕಂಡುಹಿಡಿದವಳು ತಾನು. ತನ್ನ ಸಣ್ಣತನಕ್ಕೆ ಅವಳಿಗೇ ನಾಚಿಕೆಯಾಯಿತು, ಆದರೂ ಸಂಕಟ ಹೋಗಲಿಲ್ಲ. "ನಿಮ್ಮ ಮಂಡಿ ನೋವು ಅತ್ತೆ. ಬೆಳಿಗ್ಗೆ ತಿರುಗಾಡಿಸೋವಾಗ ಇವನು ಎಳೀತಾನೆ."

"ಇವನಾ?"

ಇಬ್ಬರೂ ನೋಡಿದರು. ಸಾಹೇಬರು ಒಂದು ಕಣ್ಣು ತೆರೆದು ಮುಚ್ಚಿಕೊಂಡರು.

"ಒಂದೇ ದಿನಕ್ಕೆ ಎರಡನೇ ಸುಳ್ಳು ಬೇಡ," ಎಂದರು ಅತ್ತೆ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಾವು ವರ್ಷಕ್ಕೊಬ್ಬರು ಅಂತ ಇಟ್ಕೊಳ್ಳೋಣ."

ದೋಣಿಯಿಂದ ಇಳಿದವರು ಗದ್ದಲ ಮಾಡುತ್ತ ಬಂದರು. ಮೈದುನ ದಾರಿಯಲ್ಲೇ ಬಿಸ್ಕೆಟ್ ಪೊಟ್ಟಣ ಬಿಚ್ಚಿದ್ದ. "ಸಾಹೇಬ್ರೇ, ನನ್ನ ಕೈಯಲ್ಲೂ ಒಂದು ತಗೊಳ್ಳಿ." ಸಾಹೇಬರ ಬಾಲ ನೆಲ ಬಡಿಯತೊಡಗಿತು. ಅತ್ತೆ ತಮ್ಮ ಪಾದವನ್ನು ಮೆಲ್ಲಗೆ ಸಾಹೇಬರ ಹಗ್ಗದ ಮೇಲಿಟ್ಟರು.

"ಕೊಡಬೇಡ. ಮಧ್ಯಾಹ್ನ ಕಂಡಕಂಡವರ ಕೈಯಲ್ಲಿ ತಿಂದು ಹೊಟ್ಟೆ ಕೆಟ್ಟಿದೆ. ನೀವು ಹೋದಾಗಿಂದ ಇವಳು ಪೊದೆ ಹತ್ರ ಕರ್ಕೊಂಡು ಹೋಗಿದ್ದೇ ಹೋಗಿದ್ದು." ದನಿಯಲ್ಲಿ ಅಳುಕಿಲ್ಲ, ರೆಪ್ಪೆ ಮಿಟುಕಲಿಲ್ಲ. "ಇವಳು ಹೇಳಿದ್ದೇ ಸರಿ. ರೆಸಾರ್ಟೂ ಬೇಡ, ಹಾಸ್ಟೆಲ್ಲೂ ಬೇಡ. ಮುಂದಿನ ವರ್ಷದಿಂದ ಯಾರಾದ್ರೂ ಒಬ್ಬರು ಇವನ ಜೊತೆ ಮನೇಲೇ ಇರಬೇಕು. ಮೊದಲು ನಾನಿರ್ತೀನಿ, ಆಮೇಲೆ ಇವಳು."

"ನೀನ್ಯಾಕಮ್ಮ ಈ ವಯಸ್ಸಲ್ಲಿ ತ್ಯಾಗ ಮಾಡ್ತೀಯ?" ಎಂದ ದೊಡ್ಡ ಮಗ, ನೊಂದುಕೊಂಡು.

"ಏನು ಮಾಡೋದಪ್ಪ. ಸಾಕಿದ ಮೇಲೆ ನೋಡ್ಕೋಬೇಕಲ್ಲ," ಎಂದು ಅತ್ತೆ ನಿಟ್ಟುಸಿರಿಟ್ಟರು. ದೊಡ್ಡ ಸೊಸೆಗೆ ನಗು ತಡೆಯಲಾಗಲಿಲ್ಲ. ಟವೆಲ್ ಮಡಿಸುವ ನೆವದಲ್ಲಿ ಒಳಗೆ ಹೋದಳು. ಅಲ್ಲಿ ನಗುವಿನ ಜೊತೆ ಅಳುವೂ ಬಂತು.

ಮನೆಗೆ ಮರಳಿದಾಗ ಮಧ್ಯಾಹ್ನವಾಗಿತ್ತು. ಗಂಡಸರು ಚೀಲಗಳನ್ನು ಮೇಲೆ ಹೊರುತ್ತಿದ್ದರು. ಮಕ್ಕಳು ಬಚ್ಚಲಿಗೆ ಮೊದಲು ಯಾರು ಎಂದು ಕಿತ್ತಾಡುತ್ತಿದ್ದರು. ಓರಗಿತ್ತಿ ಅಡಿಗೆಮನೆಯಿಂದ, ಹಾಲು ಯಾರು ತರುತ್ತೀರಿ ಎಂದು ಕೂಗುತ್ತಿದ್ದಳು. ದೊಡ್ಡ ಸೊಸೆ ಒದ್ದೆ ಬಟ್ಟೆಗಳ ಗಂಟು ಹೊತ್ತು ನಡುಮನೆಗೆ ಬಂದವಳು ಬಾಗಿಲಲ್ಲೇ ನಿಂತಳು.

ಅತ್ತೆ ಕಿಟಕಿಯ ಹತ್ತಿರವಿದ್ದರು. ಹಿಂದೆ ಯಾರಿದ್ದಾರೆಂದು ಅವರು ನೋಡಲಿಲ್ಲ. ಕುರ್ಚಿಯ ಕೈ ಹಿಡಿದು, ಉಸಿರು ಕಟ್ಟಿ, ಮೆಲ್ಲನೆ ಪಕ್ಕಕ್ಕೆ ಜರುಗಿಸಿದರು. ನೆಲದ ಮೇಲೆ ಬಿಸಿಲು ಬಿತ್ತು. ಸಾಹೇಬರು ಮಕ್ಕಳ ಕಾಲಸಂದಿಯಲ್ಲಿ ತೂರಿ ಬಂದು, ಯಾರ ಅಪ್ಪಣೆಗೂ ಕಾಯದೆ, ತಮ್ಮ ಮಾಮೂಲಿ ಜಾಗದಲ್ಲಿ ಉರುಳಿಕೊಂಡರು. ಅವರ ಪಕ್ಕದಲ್ಲಿ ಇನ್ನೊಬ್ಬರು ಮಲಗುವಷ್ಟು ಬಿಸಿಲು ಉಳಿಯಿತು. ಅತ್ತೆ ಒಂದು ಪಾದವನ್ನು ಅದರೊಳಗೆ ಇಟ್ಟು ನೋಡಿದರು.

"ಅಮ್ಮಾ, ನಿನ್ನ ಮಾತ್ರೆ ಡಬ್ಬಿ ಎಲ್ಲಿಟ್ಟಿದ್ದೀಯ?" ಎಂದು ಮೆಟ್ಟಿಲಿಂದ ಕೂಗು ಬಂತು.

ಅತ್ತೆ ಪಾದ ತೆಗೆದರು. ನಾಯಿಯನ್ನು ಎಬ್ಬಿಸಿ, ಕುರ್ಚಿಯನ್ನು ಹಿಂದಕ್ಕೆ ಎಳೆದಿಟ್ಟು, "ಬಂದೆ," ಎನ್ನುತ್ತ ಹೋದರು. ಅವಸರದಲ್ಲಿ ಕುರ್ಚಿಯ ಒಂದು ಕಾಲು ಗುರುತಿನಿಂದ ಆಚೆಗೇ ಉಳಿದಿತ್ತು. ದೊಡ್ಡ ಸೊಸೆ ಗಂಟು ಕೆಳಗಿಳಿಸಿ ಅದನ್ನು ನೋಡಿದಳು. ಸರಿಮಾಡಲು ಹೋಗಲಿಲ್ಲ.